ಹರ್ಬೇರಿಯಂ ಹಾಳೆಗೆ ಬೂಷ್ಟು ಬಂತು. ಹಳೇ ಕಾಲದವರು ಹಡಗಿನಲ್ಲಿ ಗಿಡ ಹೇಗೆ ಒಣಗಿಸಿದರು?

ತೀರ್ಥಹಳ್ಳಿ ಮಳೆ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್‌ಸಿ. ಸಸ್ಯಶಾಸ್ತ್ರ ಓದುತ್ತಿದ್ದೇನೆ. ಈ ಸೆಮಿಸ್ಟರ್‌ಗೆ 40 ಹರ್ಬೇರಿಯಂ ಹಾಳೆ, ಅಂದರೆ ಗಿಡ ಒತ್ತಿ ಒಣಗಿಸಿ ಅಂಟಿಸಿದ ಹಾಳೆ, ಕೊಡಬೇಕು. ತೋಟ, ಬ್ಯಾಣ, ಹಳ್ಳದ ದಂಡೆ ಎಲ್ಲ ಸುತ್ತಿ ಗಿಡ ತಂದೆ. ಹಳೇ ಪೇಪರ್ ನಡುವೆ ಹರಡಿ, ಮೇಲೆ ಒರಳಿನ ಗುಂಡು ಹೇರಿದೆ. ನಿನ್ನೆ ತೆಗೆದು ನೋಡಿದರೆ ಅರ್ಧಕ್ಕರ್ಧ ಬೂಷ್ಟು. ಕೆಸುವಂತೂ ಕೊಳೆತು ಪೇಪರಿಗೇ ಅಂಟಿಕೊಂಡಿದೆ. ಇಸ್ತ್ರಿ ಪೆಟ್ಟಿಗೆ ಮುಟ್ಟಬೇಡ ಅಂತ ಅಮ್ಮ ಹೇಳಿಬಿಟ್ಟಿದ್ದಾರೆ. ಹೋದ ಸಲ ಅದರ ತಳಕ್ಕೆ ಎಲೆಯ ರಸ ಮೆತ್ತಿಕೊಂಡು ಅಪ್ಪನ ಬಿಳಿ ಪಂಚೆ ಹಸಿರಾಗಿತ್ತು.

ಆಗ ತಲೆಗೆ ಬಂದದ್ದು ಈ ಪ್ರಶ್ನೆ. ಜೋಸೆಫ್ ಬ್ಯಾಂಕ್ಸ್ ಎಂಬಾತ ಮೂರು ವರ್ಷ ಹಡಗಿನಲ್ಲಿ ಭೂಮಿ ಸುತ್ತಿ ಸುಮಾರು 30,000 ಒಣ ಮಾದರಿ ತಂದ ಅಂತ ಪಾಠದಲ್ಲಿ ಒಂದೇ ಸಾಲು ಇದೆ. ಸುತ್ತಲೂ ಸಮುದ್ರ, ಮೇಲೆ ಮಳೆ. ಅವನಿಗೆ ಬೂಷ್ಟು ಬರಲಿಲ್ವಾ? ಗೊತ್ತಿದ್ದವರು ಹೇಳಿ. ನನ್ನ ಹಾಳೆಗಳಿಗೂ ಏನಾದರೂ ದಾರಿ ಸಿಗಬಹುದು.

ಹಳೇ ಮೇಷ್ಟ್ರು

ಬರದೇ ಇರುತ್ತೇನಮ್ಮ! ಮೂವತ್ತು ವರ್ಷ ಮಕ್ಕಳ ಹಾಳೆ ತಿದ್ದಿದವನು ನಾನು. ಬೂಷ್ಟು ಬಾರದ ಬ್ಯಾಚ್ ಒಂದೂ ನೋಡಿಲ್ಲ. ಬ್ಯಾಂಕ್ಸ್ ಪಾಡು ನಿನ್ನದಕ್ಕಿಂತ ಕಷ್ಟದ್ದು.

ಅವನಿದ್ದ ಎಂಡೆವರ್ ಹಡಗು 1768ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಪ್ಲಿಮತ್ ಬಂದರು ಬಿಟ್ಟಿತು. ಮೊದಲು ಅದು ಕಲ್ಲಿದ್ದಲು ಸಾಗಿಸುತ್ತಿದ್ದ ಹಡಗು. ಉದ್ದ ನೂರು ಅಡಿಯ ಆಸುಪಾಸು, ಒಳಗೆ 94 ಜನ. ಬ್ಯಾಂಕ್ಸ್‌ಗೆ ಆಗ 25 ವರ್ಷ, ಕೈತುಂಬ ಆಸ್ತಿ. ತನ್ನ ತಂಡವನ್ನು ತನ್ನ ಖರ್ಚಿನಲ್ಲೇ ಕರೆದೊಯ್ದ. ಗಿಡಗಳಿಗೆ ಎರಡು ಪದದ ಲ್ಯಾಟಿನ್ ಹೆಸರಿಡುವ ಪದ್ಧತಿ ತಂದ ಲಿನೇಯಸ್‌ನ ಶಿಷ್ಯ ಡೇನಿಯಲ್ ಸೊಲಾಂಡರ್, ಇಬ್ಬರು ಚಿತ್ರಗಾರರು, ಒಬ್ಬ ಬರವಣಿಗೆಯವನು, ನಾಲ್ವರು ಆಳುಗಳು, ಜೊತೆಗೆ ಎರಡು ನಾಯಿ.

ಒಣಗಿಸಲು ಅವರಲ್ಲೂ ರದ್ದಿ ಕಾಗದವೇ ಇದ್ದದ್ದು. ಇಂಗ್ಲಿಷ್ ಕವಿ ಮಿಲ್ಟನ್‌ನ ಕಾವ್ಯದ ಮೇಲೆ ಒಬ್ಬರು ಬರೆದ ವ್ಯಾಖ್ಯಾನದ ಅಚ್ಚಿನ ಹಾಳೆಗಳನ್ನು ಕೊಂಡು ತಂದಿದ್ದರು. ಅದರ ನಡುವೆ ಗಿಡ. ಹಾಳೆ ಒದ್ದೆಯಾದಾಗೆಲ್ಲ ತೆಗೆದು, ಬೇರೆ ಒಣ ಹಾಳೆಗೆ ಬದಲಿಸಬೇಕು. ಗುಟ್ಟು ಅಷ್ಟೇ. ಭಾರ ಹೇರುವುದು ಎಲೆ ಚಪ್ಪಟೆ ಆಗಲಿ ಅಂತ. ಒಣಗುವುದು ಕಾಗದ ಬದಲಿಸುವುದರಿಂದ. ನೀನು ಗುಂಡು ಹೇರಿ ಮರೆತುಬಿಟ್ಟೆ, ಅಲ್ವಾ?

1770ರ ಏಪ್ರಿಲ್ ಕೊನೆಗೆ ಅವರು ಈಗಿನ ಸಿಡ್ನಿ ಹತ್ತಿರದ ಕೊಲ್ಲಿಗೆ ಬಂದರು. ಕಂಡದ್ದೆಲ್ಲ ಹೊಸ ಗಿಡ. ಹಡಗಿನ ನಾಯಕ ಜೇಮ್ಸ್ ಕುಕ್ ಮೊದಲು ಆ ಕೊಲ್ಲಿಗೆ ತೊರಕೆ ಮೀನಿನ ಹೆಸರಿಟ್ಟಿದ್ದ. ಆಮೇಲೆ ಬಾಟನಿ ಬೇ ಅಂತ ಬದಲಾಯಿಸಿದ. ಅಷ್ಟು ಗಿಡ ಸಿಕ್ಕಿದ್ದೇ ತಲೆನೋವಾಯಿತು. ಮೇ 3ರಂದು ಬ್ಯಾಂಕ್ಸ್ ಬೇರೆ ಕೆಲಸ ಎಲ್ಲ ಬಿಟ್ಟ. ಸುಮಾರು 200 ದಸ್ತು ಕಾಗದವನ್ನು ದಡಕ್ಕೆ ಹೊರಿಸಿದ. ದಸ್ತಿಗೆ 24 ಹಾಳೆ ಅಂದರೆ ಹತ್ತಿರ ಹತ್ತಿರ ಐದು ಸಾವಿರ ಹಾಳೆ. ಮರಳಿನ ಮೇಲೆ ಹಡಗಿನ ಪಟ ಹಾಸಿ, ಅದರ ಮೇಲೆ ಎಲ್ಲವನ್ನೂ ಬಿಸಿಲಿಗೆ ಹರಡಿದ. ಹೆಚ್ಚಿನ ಹಾಳೆಗಳಲ್ಲಿ ಆಗಲೇ ಗಿಡ ಇದ್ದವು. ನಮ್ಮಲ್ಲಿ ಹಪ್ಪಳ ಒಣಹಾಕಿದವರು ಮಗುಚುವ ಹಾಗೆ ಸಂಜೆವರೆಗೂ ಮಗುಚುತ್ತ ಕೂತಿದ್ದ. ಲಂಡನ್ನಿನ ಸಾಹುಕಾರ!

ಎರಡು ತಿಂಗಳು ತುಂಬುವುದರೊಳಗೆ ಇನ್ನೊಂದು ಪೆಟ್ಟು. ಜೂನ್‌ನಲ್ಲಿ ಹಡಗು ಹವಳದ ದಿಬ್ಬಕ್ಕೆ ಬಡಿದು ತೂತಾಯಿತು. ರಿಪೇರಿಗೆ ಅಂತ ನದಿಯ ದಡಕ್ಕೆ ಎಳೆದು, ಮೂತಿ ಮೇಲಕ್ಕೆ ಮಾಡಿ ನಿಲ್ಲಿಸಿದರು. ಒಳಗಿದ್ದ ನೀರೆಲ್ಲ ಹಿಂದಕ್ಕೆ ಹರಿಯಿತು. ಹಿಂದಿನ ರೊಟ್ಟಿ ಉಗ್ರಾಣದಲ್ಲಿ, ಅಲ್ಲಿ ಭದ್ರ ಅಂತಲೇ, ಬ್ಯಾಂಕ್ಸ್ ಗಿಡಗಳನ್ನು ಇಟ್ಟಿದ್ದ. ಹೋಗಿ ನೋಡಿದರೆ ಎಲ್ಲ ನೀರಿನಲ್ಲಿ. ಹೀಗಾಗಬಹುದು ಅಂತ ತನಗೆ ಯಾರೂ ಹೇಳಲಿಲ್ಲ ಎಂದು ದಿನಚರಿಯಲ್ಲಿ ಗೊಣಗಿದ್ದಾನೆ. ಇಡೀ ದಿನ ಕೂತು ಹಾಳೆ ಬದಲಿಸಿದರು. ಬಹಳಷ್ಟು ಉಳಿದವು, ಕೆಲವು ಪೂರ್ತಿ ಹಾಳಾದವು.

ಆದ್ದರಿಂದ ಅಳಬೇಡ. ದಿನಕ್ಕೊಮ್ಮೆ ಕಾಗದ ಬದಲಿಸು. ಮೊದಲ ಮೂರು ದಿನ ಎರಡು ಸಲ.

ತೀರ್ಥಹಳ್ಳಿ ಮಳೆ

ಮಿಲ್ಟನ್ ಹಾಳೆ! ನನ್ನ ಕೆಸು ಕ್ರಿಕೆಟ್ ಪುಟಕ್ಕೆ ಅಂಟಿದೆ ಸರ್. ಬದಲಿಸುತ್ತೇನೆ. ಆದರೆ ಬದಲಿಸಲು ಒಣ ಪೇಪರ್ ಎಲ್ಲಿಂದ ತರಲಿ? ಮನೆಯಲ್ಲಿ ಉಪ್ಪಿನ ಡಬ್ಬಿಯೇ ನೀರಾಗಿದೆ.

ಸುಮ್ನೆ ಓದೋನು

ಬಚ್ಚಲ ಒಲೆ ಇಲ್ವಾ ನಿಮ್ಮನೇಲಿ?

ಕಾರವಾರದ ನಾವಿಕ

ನಾನು ಹಡಗಿನ ಕೆಲಸದವನು. ಗಿಡದ ಬಗ್ಗೆ ಜಾಸ್ತಿ ಗೊತ್ತಿಲ್ಲ, ಉಪ್ಪುಗಾಳಿ ಚೆನ್ನಾಗಿ ಗೊತ್ತು. ಮೇಷ್ಟ್ರು ಹೇಳಿದ್ದು ಸತ್ತ ಗಿಡದ ಕಥೆ. ಜೀವ ಇರುವ ಗಿಡ ಸಾಗಿಸುವುದು ಅದರಪ್ಪನಂಥ ಕೆಲಸ. ಅಲೆಯ ತುಂತುರು ಎಲೆ ಮೇಲೆ ಬಿದ್ದು ಒಣಗಿತು ಅಂದರೆ ಉಪ್ಪು ಸುಡುತ್ತದೆ. ಅದನ್ನು ಸಿಹಿನೀರಿನಲ್ಲಿ ತೊಳೆಯಬೇಕು. ಆ ಹಡಗುಗಳಲ್ಲಿ ಸಿಹಿನೀರು ಮನುಷ್ಯರಿಗೇ ಅಳತೆ. ಮಕಾವ್‌ನಲ್ಲಿದ್ದ ಜಾನ್ ಲಿವಿಂಗ್‌ಸ್ಟನ್ ಎಂಬ ವೈದ್ಯ 1819ರ ಹೊತ್ತಿಗೆ ಒಂದು ಲೆಕ್ಕ ಹಾಕಿದ್ದ. ಚೀನಾದಿಂದ ಇಂಗ್ಲೆಂಡಿಗೆ ಕಳಿಸಿದ ಗಿಡಗಳಲ್ಲಿ ಬದುಕಿ ತಲುಪುವುದು ಸಾವಿರಕ್ಕೆ ಒಂದು ಅಂತೆ. ಸಾವಿರಕ್ಕೆ ಒಂದು ಪೆಟ್ಟಿಗೆ ತಲುಪಿಸಿದರೆ ನನ್ನನ್ನು ಯಾವ ಕಂಪನಿಯೂ ಇಟ್ಟುಕೊಳ್ಳುವುದಿಲ್ಲ.

ಬೌಂಟಿ ಹಡಗಿನ ಏರ್ಪಾಡು ಮಾತ್ರ ಮೆಚ್ಚಬೇಕು. 1787ರಲ್ಲಿ ಬ್ರೆಡ್‌ಫ್ರೂಟ್ ತರಲು ಪೆಸಿಫಿಕ್ ಸಾಗರದ ತಾಹಿತಿ ದ್ವೀಪಕ್ಕೆ ಹೊರಟದ್ದು. ಹಡಗಿನ ಅತಿ ದೊಡ್ಡ ಕೋಣೆ ನ್ಯಾಯವಾಗಿ ಕ್ಯಾಪ್ಟನ್‌ದು. ಅದನ್ನು ಗಿಡಗಳಿಗೆ ಕೊಟ್ಟು ಕ್ಯಾಪ್ಟನ್ ಬ್ಲೈಗೆ ಒಂದು ಗೂಡು ಬಿಟ್ಟರು. ನೆಲಕ್ಕೆ ಸೀಸದ ತಗಡು ಹಾಸಿದರು. ಅದರ ಮೇಲೆ ಕುಂಡ ಕೂರುವಷ್ಟು ಅಗಲದ ತೂತುಗಳಿದ್ದ ಇನ್ನೊಂದು ಹಲಗೆ ನೆಲ. ಹಡಗು ಎಷ್ಟು ಹೊಯ್ದಾಡಿದರೂ ಕುಂಡ ಉರುಳುವುದಿಲ್ಲ. ಕುಂಡದಿಂದ ಬಸಿದ ನೀರು ಸೀಸದ ಮೇಲೆ ಹರಿದು, ಮೂಲೆಯ ಕೊಳವೆಯಲ್ಲಿ ಇಳಿದು, ಕೆಳಗಿನ ಪೀಪಾಯಿಗೆ ಬೀಳುತ್ತದೆ. ಅದೇ ನೀರು ಮತ್ತೆ ಗಿಡಕ್ಕೆ. ಇದರ ಸೂಚನೆ ಎಲ್ಲ ಬ್ಯಾಂಕ್ಸ್‌ನದೇ. ಸ್ವತಃ ಒದ್ದೆಯಾಗಿ ಪಾಠ ಕಲಿತಿದ್ದನಲ್ಲ.

ಜೀಗುಜ್ಜೆ ಪೋಡಿ

ಬ್ರೆಡ್‌ಫ್ರೂಟ್ ಅಂದರೆ ನಮ್ಮ ಜೀಗುಜ್ಜೆ ಮಾರಾಯ್ರೆ! ಮಂಗಳೂರಿನವಳು ನಾನು, ಹೆಸರು ನೋಡಿದರೆ ಗೊತ್ತಾಗ್ತದೆ. ಘಟ್ಟದ ಮೇಲಿನವರಿಗೆ ದೀವಿ ಹಲಸು ಅಂದರೆ ತಿಳಿದೀತು. ದೀವಿ ಅಂದರೆ ದ್ವೀಪ. ಎಲ್ಲಿಯ ಮಾಲು ಅಂತ ಹೆಸರೇ ಹೇಳ್ತದೆ. ಬ್ಲೈ ಒಯ್ದದ್ದು ನಮ್ಮೂರಿಗಲ್ಲ, ಕೆರಿಬಿಯನ್ ದ್ವೀಪಗಳಿಗೆ. ಅಲ್ಲಿನ ಕಬ್ಬಿನ ತೋಟದ ಧಣಿಗಳಿಗೆ ಗುಲಾಮರ ಹೊಟ್ಟೆಗೆ ಕಡಿಮೆ ಖರ್ಚಿನಲ್ಲಿ ಏನಾದರೂ ಬೇಕಿತ್ತು. ಅಮೆರಿಕದ ಯುದ್ಧದಿಂದ ಅಲ್ಲಿಗೆ ಬರುತ್ತಿದ್ದ ಧಾನ್ಯ ನಿಂತಿತ್ತು.

ಜೀಗುಜ್ಜೆಗೆ ಬೀಜ ಇಲ್ಲ. ನಮ್ಮಲ್ಲೂ ಬೇರಿನಿಂದ ಏಳುವ ಮರಿಯನ್ನೇ ಅಗೆದು ನೆಡುವುದು. ಮರಿ ಕಿತ್ತ ಕೂಡಲೇ ಹಡಗಿಗೆ ಹತ್ತಿಸಿದರೆ ಸಾಯ್ತದೆ. ಕುಂಡದಲ್ಲಿ ಬೇರು ಕೊಡುವವರೆಗೆ ಕಾಯಬೇಕು. ಹಾಗಾಗಿ ಐದು ತಿಂಗಳು ತಾಹಿತಿಯಲ್ಲೇ ನಿಂತರು. ಆ ಕೆಲಸ ಮಾಡಿದ್ದು ಬ್ಲೈ ಅಲ್ಲ, ಲಂಡನ್ ಹತ್ತಿರದ ಕ್ಯೂ ಸಸ್ಯತೋಟದ ಮಾಲಿ ಡೇವಿಡ್ ನೆಲ್ಸನ್ ಮತ್ತು ಅವನ ಸಹಾಯಕ ವಿಲಿಯಂ ಬ್ರೌನ್. ಒಟ್ಟು 1,015 ಗಿಡ. 774 ಕುಂಡ, 39 ತೊಟ್ಟಿ, 24 ಪೆಟ್ಟಿಗೆ.

ಬೌಂಟಿಯ ನಾವಿಕರು ಬ್ಲೈ ಮೇಲೆ ಎದ್ದ ದಂಗೆಯ ಕಥೆ ಸಿನಿಮಾ ನೋಡಿದವರಿಗೆ ಗೊತ್ತುಂಟು. 1789ರ ಏಪ್ರಿಲ್ 28ಕ್ಕೆ ಬ್ಲೈ ಮತ್ತು 18 ಜನರನ್ನು ಒಂದು ದೋಣಿಗೆ ಇಳಿಸಿಬಿಟ್ಟರು. ಗಿಡ ಎಲ್ಲ ಸಮುದ್ರಕ್ಕೆ. ಸಿನಿಮಾದವರು ಮಾಲಿಗಳನ್ನು ಯಾಕೆ ಮರೀತಾರೋ ನನಗೆ ಗೊತ್ತಿಲ್ಲ. ನೆಲ್ಸನ್ ಬ್ಲೈ ಜೊತೆ ದೋಣಿ ಹತ್ತಿದ. ಬ್ರೌನ್ ದಂಗೆಯವರ ಜೊತೆ ಉಳಿದ. ಐದು ತಿಂಗಳು ಒಟ್ಟಿಗೆ ನೀರು ಹಾಕಿದವರು, ಅವರ ಗಿಡವನ್ನು ಎಸೆಯುವ ದಿನ ಒಬ್ಬ ಇತ್ತ, ಒಬ್ಬ ಅತ್ತ. ತೆರೆದ ದೋಣಿಯಲ್ಲಿ ಆರು ಸಾವಿರಕ್ಕೂ ಹೆಚ್ಚು ಕಿ.ಮೀ. ಸಾಗಿ ತಿಮೋರ್ ದ್ವೀಪ ಸೇರಿದರು. ದಡ ಮುಟ್ಟಿದ ಮೇಲೆ, ಜುಲೈನಲ್ಲಿ, ನೆಲ್ಸನ್ ಜ್ವರ ಬಂದು ತೀರಿಕೊಂಡ. ಬ್ರೌನ್ ನಾಲ್ಕು ವರ್ಷದ ಮೇಲೆ ಪಿಟ್‌ಕೇರ್ನ್ ದ್ವೀಪದಲ್ಲಿ ಕೊಲೆಯಾದ.

ಬ್ಲೈ ಬಿಡಲಿಲ್ಲ. ಇನ್ನೊಂದು ಹಡಗಿನಲ್ಲಿ ಹೋಗಿ 1793ರಲ್ಲಿ ಸೇಂಟ್ ವಿನ್ಸೆಂಟ್, ಜಮೈಕಾಕ್ಕೆ ಮುಟ್ಟಿಸಿದ. ಗುಲಾಮರು ಮೊದಮೊದಲು ಅದನ್ನು ಬಾಯಿಗೇ ಇಡಲಿಲ್ಲ. ಹಂದಿಗೆ ಹಾಕಿದರು. ಯಾರದೋ ಲಾಭಕ್ಕೆ ಅಂತ ಬಂದ ಊಟ, ಯಾಕೆ ತಿನ್ನಬೇಕು? ಈಗ ಸೇಂಟ್ ವಿನ್ಸೆಂಟಿನಲ್ಲಿ ಸುಟ್ಟ ಜೀಗುಜ್ಜೆ, ಹುರಿದ ಮೀನು ಅಂದರೆ ರಾಷ್ಟ್ರೀಯ ಊಟ. ಪೋಡಿ ಮಾಡಲು ಅವರಿಗೆ ಯಾರೂ ಹೇಳಿಕೊಡಲಿಲ್ಲ ಅನ್ನುವುದೊಂದು ಬೇಸರ.

ಸುಮ್ನೆ ಓದೋನು

ಎಲ್ಲ ಓದಿದೆ. ಒಂದು ಮಾತು ಕೇಳಲಾ? ಇದನ್ನೆಲ್ಲ ನಾವು ಸಾಹಸ ಅಂತೀವಲ್ಲ, ಇದು ಕಳ್ಳತನ ಅಲ್ವಾ? ಬೇರೆಯವರ ಊರಿಗೆ ಹೋಗಿ, ಗಿಡ ಕಿತ್ತು, ತಮ್ಮ ಹೆಸರಿಟ್ಟುಕೊಂಡು ಬರೋದು.

ಹಳೇ ಮೇಷ್ಟ್ರು

ಒಣ ಎಲೆ ತಂದದ್ದಕ್ಕೂ ವ್ಯಾಪಾರಕ್ಕೆ ಬೀಜ ಹೊತ್ತದ್ದಕ್ಕೂ ವ್ಯತ್ಯಾಸ ಇದೆಯಪ್ಪ. ಆ ಒಣ ಹಾಳೆ ಈಗಲೂ ಲಂಡನ್ನಿನಲ್ಲಿದೆ. ಯಾವ ಊರಿನಲ್ಲಿ, ಯಾವ ವರ್ಷ, ಯಾವ ಗಿಡ ಇತ್ತು ಎಂಬುದಕ್ಕೆ ಅದು ಸಾಕ್ಷಿ. ಅವರು ತಂದದ್ದರಲ್ಲಿ ಸುಮಾರು 1,400 ಜಾತಿ ಯುರೋಪಿನ ವಿಜ್ಞಾನಕ್ಕೆ ಹೊಸವು. ಕಳ್ಳತನ ಅನ್ನುವ ಒಂದೇ ಪದದಲ್ಲಿ ಎಲ್ಲವನ್ನೂ ಕಟ್ಟಬೇಡ.

ಸುಮ್ನೆ ಓದೋನು

ಸರ್, ಅದೇ ಬಾಟನಿ ಬೇ. ಇವರು ಇಳಿಯುವಾಗ ಅಲ್ಲಿನ ಗ್ವೀಗಲ್ ಜನರಲ್ಲಿ ಇಬ್ಬರು ಗಂಡಸರು ದಡದಲ್ಲಿ ಈಟಿ ಹಿಡಿದು, ಬರಬೇಡಿ ಅಂತ ನಿಂತಿದ್ದರು. ಇವರು ಬಂದೂಕು ಹಾರಿಸಿ ಇಳಿದರು. ಗುಡಿಸಲ ಹತ್ತಿರ ಇದ್ದ ಸುಮಾರು 40 ಈಟಿಗಳನ್ನೂ ಎತ್ತಿಕೊಂಡರು. ಉಳಿದಿದ್ದ ನಾಲ್ಕನ್ನು ಕೇಂಬ್ರಿಜ್‌ನ ಕಾಲೇಜೊಂದು 2024ರಲ್ಲಿ ವಾಪಸ್ ಕೊಟ್ಟಿತು. 250 ವರ್ಷ ಬೇಕಾಯ್ತು. ಈ ಈಟಿ, ಆ ಎಲೆ, ಎರಡೂ ಒಂದೇ ವಾರ ಒಂದೇ ಹಡಗು ಹತ್ತಿದ್ದು. ಅಲ್ಲೇ ಕೈದಿಗಳ ವಸಾಹತು ಮಾಡಿ ಅಂತ 1779ರಲ್ಲಿ ಪಾರ್ಲಿಮೆಂಟಿನ ಸಮಿತಿ ಮುಂದೆ ಹೇಳಿದ್ದು ಕೂಡ ನಿಮ್ಮ ಬ್ಯಾಂಕ್ಸೇ.

ಹಳೇ ಮೇಷ್ಟ್ರು

ಅದು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕಾಂಪೌಂಡ್ ಹೂ

ಜಗಳ ಸ್ವಲ್ಪ ನಿಲ್ಲಿಸಿ, ನಿಮ್ಮ ನಿಮ್ಮ ಕಾಂಪೌಂಡ್ ನೋಡಿ. ಕಾಗದದ ಹೂ ಇದೆಯಾ? ಬೋಗನ್‌ವಿಲ್ಲಾ. ಹೆಸರು ಫ್ರೆಂಚ್ ಹಡಗಿನ ನಾಯಕ ಬೋಗನ್‌ವಿಲ್‌ನದು. ಅದನ್ನು 1767ರಲ್ಲಿ ರಿಯೊ ಡಿ ಜನೈರೊದಲ್ಲಿ ಸಂಗ್ರಹಿಸಿದ್ದು ಅವನ ಜೊತೆಗಿದ್ದ ಸಸ್ಯಶಾಸ್ತ್ರಜ್ಞ ಕಾಮರ್ಸನ್ ಅಂತ ದಾಖಲೆ. ಕಾಮರ್ಸನ್‌ಗೆ ಕಾಲಿನಲ್ಲಿ ಹುಣ್ಣು, ನಡೆಯಲು ಆಗುತ್ತಿರಲಿಲ್ಲ. ಹಾಗಾದರೆ ಬೆಟ್ಟ ಹತ್ತಿದ್ದು ಯಾರು?

ಅವನ ಆಳು ಬಾರೆ. ಊಟದ ಗಂಟು, ಬಂದೂಕು, ಗಿಡ ಒತ್ತುವ ಪುಸ್ತಕ ಎಲ್ಲ ಹೊತ್ತು ಮೆಗೆಲ್ಲನ್ ಜಲಸಂಧಿಯ ಹಿಮದ ಬೆಟ್ಟಗಳನ್ನು ಏರಿದ್ದು. ಕಾಮರ್ಸನ್ ಅದನ್ನು ತನ್ನ ಹೇರು ಪ್ರಾಣಿ ಅಂತ ಹೊಗಳಿದ್ದಾನಂತೆ. ಹೊಗಳಿಕೆ! ಆ ಆಳು ಗಂಡಸಲ್ಲ, ಹೆಂಗಸು. ಝಾನ್ ಬಾರೆ. ಫ್ರೆಂಚ್ ನೌಕಾಪಡೆಯ ಹಡಗಿಗೆ ಹೆಂಗಸರು ಹತ್ತುವಂತಿರಲಿಲ್ಲ. ಅದಕ್ಕೇ ಎದೆಗೆ ಬಟ್ಟೆ ಬಿಗಿದು ಗಂಡಸಿನ ವೇಷ. ನೂರಕ್ಕೂ ಹೆಚ್ಚು ಗಂಡಸರ ನಡುವೆ ಒಂದು ವರ್ಷಕ್ಕಿಂತ ಜಾಸ್ತಿ. 1768ರಲ್ಲಿ ತಾಹಿತಿಯ ಜನ ನೋಡಿದ ಕೂಡಲೇ ಗುರುತಿಸಿದರು ಅಂತ ಬೋಗನ್‌ವಿಲ್ ಬರೆದಿದ್ದಾನೆ. ಅದೇ ಹಡಗಿನ ಬೇರೆಯವರ ದಿನಚರಿ ಬೇರೆಯೇ ಕಥೆ ಹೇಳುತ್ತವೆ, ಅವು ಓದಲು ಹಿತವಾದವಲ್ಲ. ಅವಳು ಬರೆದ ಮಾತಂತೂ ಒಂದೂ ಉಳಿದಿಲ್ಲ.

ಇಬ್ಬರೂ ಮಾರಿಷಸ್‌ನಲ್ಲಿ ಇಳಿದುಕೊಂಡರು. ಕಾಮರ್ಸನ್ 1773ರಲ್ಲಿ ಅಲ್ಲೇ ಸತ್ತ. ಅವಳು ಅಲ್ಲಿ ಹೆಂಡದಂಗಡಿ ನಡೆಸಿ, ಒಬ್ಬ ಸೈನಿಕನನ್ನು ಮದುವೆಯಾಗಿ, ಫ್ರಾನ್ಸಿಗೆ ಮರಳಿದಳು. ಹಾಗೆ ಮರಳಿದಾಗ ಭೂಮಿಗೆ ಒಂದು ಸುತ್ತು ಹಾಕಿದ ಮೊದಲ ಹೆಂಗಸು ಆದಳು. ಸರ್ಕಾರ 1785ರಲ್ಲಿ ವರ್ಷಕ್ಕೆ 200 ಲೀವ್ರ್ (ಆಗಿನ ಫ್ರೆಂಚ್ ಹಣ) ಪಿಂಚಣಿ ಕೊಟ್ಟಿತು. ಕಾಮರ್ಸನ್ ಒಂದು ಗಿಡಕ್ಕೆ ಅವಳ ಹೆಸರಿಟ್ಟಿದ್ದ. ಆ ಗಿಡಕ್ಕೆ ಆಗಲೇ ಬೇರೆ ಹೆಸರಿತ್ತು ಅಂತ ಅದು ನಿಲ್ಲಲಿಲ್ಲ. ಕೊನೆಗೆ 2012ರಲ್ಲಿ ದಕ್ಷಿಣ ಅಮೆರಿಕದ ಒಂದು ಬದನೆ ಜಾತಿಯ ಬಳ್ಳಿಗೆ ಅವಳ ಹೆಸರು ಸಿಕ್ಕಿತು. ನಾಯಕನಿಗೆ ಊರೂರಿನ ಗೋಡೆ ಮೇಲಿನ ಹೂ, ಹೊತ್ತವಳಿಗೆ ಬದನೆ ಸಂಬಂಧಿ. ನಾನಂತೂ ನಮ್ಮ ಕಾಂಪೌಂಡಿನದಕ್ಕೆ ಬಾರೆ ಹೂ ಅಂತಲೇ ಹೇಳೋದು. ಮನೆಯವರು ನಗುತ್ತಾರೆ.

ತೀರ್ಥಹಳ್ಳಿ ಮಳೆ

ಅಕ್ಕಾ, ನಮ್ಮ ಪಾಠದಲ್ಲಿ ಇವಳ ಹೆಸರೇ ಇಲ್ಲ. ಬ್ಯಾಂಕ್ಸ್ ತಂಡದ ಆಳುಗಳು ಏನಾದರು?

ಹಳೇ ಮೇಷ್ಟ್ರು

ನಾಲ್ವರಲ್ಲಿ ಇಬ್ಬರು ಕಪ್ಪು ಜನ, ರಿಚ್ಮಂಡ್ ಮತ್ತು ಡಾರ್ಲ್‌ಟನ್. 1769ರ ಜನವರಿಯಲ್ಲಿ ದಕ್ಷಿಣ ಅಮೆರಿಕದ ತುದಿಯಲ್ಲಿ ಗಿಡ ಹುಡುಕಲು ಬೆಟ್ಟ ಹತ್ತಿದಾಗ ಹಿಮ ಸುರಿಯಿತು. ಆ ರಾತ್ರಿ ಇಬ್ಬರೂ ಸೆಟೆದು ಸತ್ತರು. ಅಲ್ಲಿ ಅದು ಬೇಸಿಗೆ ತಿಂಗಳು! ಚಿತ್ರಗಾರ ಬುಕನ್ ತಾಹಿತಿಯಲ್ಲಿ ತೀರಿಕೊಂಡ. ಬರವಣಿಗೆಯ ಸ್ಪೋರಿಂಗ್, ಚಿತ್ರಗಾರ ಸಿಡ್ನಿ ಪಾರ್ಕಿನ್ಸನ್ ಇಬ್ಬರೂ ಬಟೇವಿಯಾದ (ಈಗಿನ ಜಕಾರ್ತ) ರೋಗ ಅಂಟಿಸಿಕೊಂಡು 1771ರ ಜನವರಿಯಲ್ಲಿ ಹಡಗಿನಲ್ಲೇ ಹೋದರು. ಒಂಬತ್ತು ಜನ ಹೊರಟು ನಾಲ್ವರು ಮನೆ ಸೇರಿದ್ದು.

ಪಾರ್ಕಿನ್ಸನ್ ನೆನೆದರೆ ಹೊಟ್ಟೆ ಚುರುಕ್ ಅನ್ನುತ್ತದೆ. ತಾಹಿತಿಯಲ್ಲಿ ನೊಣಗಳು ಅವನು ಹಚ್ಚಿದ ಬಣ್ಣವನ್ನೇ ತಿನ್ನುತ್ತಿದ್ದವು. ಮೇಜು ಕುರ್ಚಿ ಸಮೇತ ಸೊಳ್ಳೆಪರದೆ ಕಟ್ಟಿಕೊಂಡು ಬರೆದ. ಆಸ್ಟ್ರೇಲಿಯಾದಲ್ಲಿ 14 ದಿನಕ್ಕೆ 94 ಗಿಡದ ಚಿತ್ರ. ತಗಡಿನ ಪೆಟ್ಟಿಗೆಯಲ್ಲಿ ಒದ್ದೆ ಬಟ್ಟೆ ಸುತ್ತಿಟ್ಟರೂ ಗಿಡ ಬಾಡುತ್ತದಲ್ಲ? ಅದಕ್ಕೆ ಗೆರೆ ಪೂರ್ತಿ ಹಾಕಿ, ಒಂದು ಎಲೆ, ಒಂದು ಎಸಳಿಗೆ ಮಾತ್ರ ಬಣ್ಣ ತುಂಬಿ, ಉಳಿದದ್ದು ಊರಿಗೆ ಹೋದ ಮೇಲೆ ಅಂತ ಬಿಟ್ಟ. 900ಕ್ಕೂ ಹೆಚ್ಚು ಗಿಡದ ಚಿತ್ರಗಳಲ್ಲಿ ಪೂರ್ತಿಯಾದದ್ದು 300ಕ್ಕೂ ಕಡಿಮೆ. ಬ್ಯಾಂಕ್ಸ್ ಅವನ್ನು ಏಳು ನೂರಕ್ಕೂ ಹೆಚ್ಚು ತಾಮ್ರದ ಫಲಕದ ಮೇಲೆ ಕೊರೆಸಿದ, ಆದರೆ ಅಚ್ಚು ಹಾಕಿಸಲೇ ಇಲ್ಲ. ಪೂರ್ತಿ ಬಣ್ಣದಲ್ಲಿ ಅಚ್ಚಾಗಿದ್ದು 1980ರ ದಶಕದಲ್ಲಿ. ನಾನು ಆಗಲೇ ಕೆಲಸಕ್ಕೆ ಸೇರಿದ್ದೆ.

ತೋಟದ ಲೆಕ್ಕ

ಮೂಡಿಗೆರೆಯಿಂದ. ನಮ್ಮ ಕಾಫಿ ತೋಟದ ತುಂಬ ಸಿಲ್ವರ್ ಓಕ್, ಮೇಲೆ ಮೆಣಸಿನ ಬಳ್ಳಿ. ಆ ಮರವೂ ಆಸ್ಟ್ರೇಲಿಯಾದ್ದೇ. ಅಲನ್ ಕನ್ನಿಂಗ್‌ಹ್ಯಾಮ್ ಅಂತ ಕ್ಯೂ ತೋಟದವನು ಅದನ್ನು ಗುರುತಿಸಿ ಹೆಸರಿಟ್ಟದ್ದು. ಅವನನ್ನು 1814ರಲ್ಲಿ ಹೊರಗೆ ಕಳಿಸಿದ್ದು ಮುದುಕ ಬ್ಯಾಂಕ್ಸ್. ಕಳ್ಳತನ ಅಂದರೂ ಸರಿ, ಅದಿಲ್ಲದಿದ್ದರೆ ನಮ್ಮ ಮೆಣಸು ಎಲ್ಲಿ ಹಬ್ಬಬೇಕಿತ್ತು? ಹಾಲುವಾಣ, ಹಲಸು ಇದ್ದವು, ಒಪ್ಪಿದೆ. ನೆಟ್ಟಗೆ ಬೆಳೆಯೋದು, ಬೇಕಾದಾಗ ಕಡಿದು ಮಾರೋಕಾಗೋದು ಇದೇ.

ಸುಮ್ನೆ ಓದೋನು

ತೋಟದ ಲೆಕ್ಕದಲ್ಲಿ ಎಲ್ಲವೂ ಲೆಕ್ಕವೇ. ಇನ್ನೊಂದು ಲೆಕ್ಕ ಹೇಳ್ತೀನಿ ಕೇಳಿ. ಮಲೇರಿಯಾಕ್ಕೆ ಕ್ವಿನೈನ್ ಬರುವುದು ಸಿಂಕೋನಾ ಮರದ ತೊಗಟೆಯಿಂದ. ಎಲ್ಲಕ್ಕಿಂತ ಜಾಸ್ತಿ ಸತ್ವದ ಜಾತಿ ಬೊಲಿವಿಯಾದ್ದು. ಅಲ್ಲಿಂದ ಬೀಜ ಹೊರಗೆ ಒಯ್ಯುವಂತಿರಲಿಲ್ಲ. ಚಾರ್ಲ್ಸ್ ಲೆಡ್ಜರ್ ಎಂಬ ಇಂಗ್ಲಿಷ್ ವ್ಯಾಪಾರಿಯ ಕೆಲಸದಾಳು ಮಾನುವೆಲ್ ಇಂಕ್ರ ಮಮಾನಿ. ಯಾವ ಮರ ಒಳ್ಳೆಯದು ಅಂತ ಗೊತ್ತಿದ್ದವನು ಅವನು. ನಾಲ್ಕು ವರ್ಷ ಹಿಮ ಬಿದ್ದು ಹೂ ಕೆಟ್ಟಿತು, ಬಿಡದೆ ಕಾದ. 1865ರಲ್ಲಿ ಬೀಜ ತಂದುಕೊಟ್ಟ. ಬ್ರಿಟಿಷ್ ಸರ್ಕಾರ ಬೇಡ ಅಂದಿತು, ಡಚ್ಚರು ಒಂದು ಪೌಂಡ್ ಕೊಂಡರು. ಅದರಿಂದ ಜಾವಾದಲ್ಲಿ ತೋಟ ಎದ್ದು, ಮುಂದೆ ಜಗತ್ತಿನ ಬಹುಪಾಲು ಕ್ವಿನೈನ್ ಅಲ್ಲಿಂದಲೇ. ಮಮಾನಿ ಮತ್ತೊಮ್ಮೆ ಬೀಜಕ್ಕೆ ಹೋದಾಗ ಸಿಕ್ಕಿಬಿದ್ದ. ಜೈಲಿನಲ್ಲಿ ಹೊಡೆದರು. ಆ ಏಟಿನಿಂದಲೇ ಸತ್ತ. ಮರದ ಲ್ಯಾಟಿನ್ ಹೆಸರಿನಲ್ಲಿ ಇರುವುದು ಲೆಡ್ಜರ್.

ಮೇಷ್ಟ್ರೇ, ಕಳ್ಳತನ ಅನ್ನೋ ಪದ ವಾಪಸ್ ತಗೋತೀನಿ. ಇಲ್ಲಿ ಕಾನೂನು ಮುರಿದು ಬೀಜ ಕಿತ್ತವನು ಆ ನೆಲದವನೇ. ಆದರೆ ಲೇಬಲ್ ಮೇಲೆ ಯಾರ ಹೆಸರು ಅನ್ನೋ ಪ್ರಶ್ನೆ ಬಿಡಲ್ಲ.

ಕಾರವಾರದ ನಾವಿಕ

ಗಿಡ ಸಾಗಿಸುವ ಕಷ್ಟ ನೀಗಿದ್ದು ಲಂಡನ್ನಿನ ಒಬ್ಬ ಡಾಕ್ಟರಿಂದ, ನಥಾನಿಯಲ್ ವಾರ್ಡ್. 1829ರಲ್ಲಿ ಪತಂಗದ ಕೋಶ ಸಾಕೋಣ ಅಂತ ಮುಚ್ಚಿದ ಬಾಟಲಿಯಲ್ಲಿ ಒದ್ದೆ ಮಣ್ಣು ಹಾಕಿಟ್ಟಿದ್ದ. ಪತಂಗ ಬಿಡಿ, ಅದರಲ್ಲಿ ಒಂದು ಜರಿಗಿಡ ತಾನಾಗಿ ಹುಟ್ಟಿತು. ನೀರು ಹಬೆಯಾಗಿ ಏರುತ್ತದೆ, ಗಾಜಿಗೆ ತಾಗಿ ಮತ್ತೆ ಮಣ್ಣಿಗೇ ಇಳಿಯುತ್ತದೆ. ಗಾಜಿನ ಪೆಟ್ಟಿಗೆ ಮಾಡಿ 1833ರಲ್ಲಿ ಸಿಡ್ನಿಗೆ ಕಳಿಸಿದ. ತಿಂಗಳುಗಟ್ಟಲೆ ಡೆಕ್ ಮೇಲೆ ನಿಂತರೂ ಗಿಡ ಬದುಕಿದ್ದವು. ಆಮೇಲೆ ಚೀನಾದ ಚಹಾ ಸಸಿಗಳು ಭಾರತಕ್ಕೆ ಬಂದದ್ದು ಇಂಥ ಪೆಟ್ಟಿಗೆಗಳಲ್ಲೇ. ತಂಗಿ, ನಿನಗೆ ಬೇಕಾದ್ದು ಇದರ ಉಲ್ಟಾ. ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ ಮುಚ್ಚಿಡಬೇಡ.

ತೀರ್ಥಹಳ್ಳಿ ಮಳೆ

ಹತ್ತು ದಿನ ಬಿಟ್ಟು ಬಂದೆ. ಬಚ್ಚಲ ಒಲೆ ಮಾತು ಹೇಳಿದವರಿಗೆ ದೊಡ್ಡ ನಮಸ್ಕಾರ. ಹಂಡೆ ಪಕ್ಕದ ಕಟ್ಟೆ ಮೇಲೆ ಪೇಪರ್ ಬಿಸಿ ಮಾಡುತ್ತೇನೆ, ದಿನಕ್ಕೆ ಎರಡು ಸಲ ಬದಲಿಸುತ್ತೇನೆ. ಅಮ್ಮನಿಗೂ ಈಗ ಹುಮ್ಮಸ್ಸು ಬಂದು, ಹಪ್ಪಳದ ಹಾಗೆ ತಾವೇ ಮಗುಚುತ್ತಿದ್ದಾರೆ.

ಮೇಷ್ಟ್ರೇ, ಒಂದು ಪ್ರಶ್ನೆ. ಲೇಬಲ್‌ನಲ್ಲಿ ‘ಸಂಗ್ರಹಿಸಿದವರು’ ಅಂತ ಒಂದೇ ಗೆರೆ ಇದೆ. ಮರದ ಮೇಲಿನ ಸೀತಾಳೆದಂಡೆ ಮತ್ತು ಇನ್ನು ಹದಿನಾಲ್ಕು ಗಿಡ ತೋರಿಸಿದ್ದು, ಇಳಿಸಿಕೊಟ್ಟಿದ್ದು ನಮ್ಮ ತೋಟಕ್ಕೆ ಅಡಿಕೆ ಕೊನೆ ಕೊಯ್ಯಲು ಬರುವ ಅಣ್ಣ. ನಾನು ಕೆಳಗೆ ಛತ್ರಿ ಹಿಡಿದು ನಿಂತಿದ್ದೆ ಅಷ್ಟೇ.

ಹಳೇ ಮೇಷ್ಟ್ರು

ಎರಡೂ ಹೆಸರು ಬರಿ. ಅವರದು ಮೊದಲು. ಅವರು ಆ ಗಿಡಕ್ಕೆ ಏನು ಹೆಸರು ಹೇಳುತ್ತಾರೋ ಅದನ್ನೂ ಕೆಳಗೆ ಬರಿ. ಸೊಲಾಂಡರ್ ಕೂಡ ತಾಹಿತಿಯ ಜನರ ಹೆಸರುಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದ. ತಿದ್ದುವವರು ಕೇಳಿದರೆ ಈ ಪುಟ ತೋರಿಸು.

ತೀರ್ಥಹಳ್ಳಿ ಮಳೆ

ಕೇಳಿದೆ. ‘ನನ್ನ ಹೆಸರು ಯಾಕೆ, ಮಾರ್ಕ್ಸ್ ನಂಗೆ ಕೊಡ್ತಾರಾ’ ಅಂದರು. ಬರೆದೆ. 31 ಹಾಳೆ ಒಣಗಿವೆ. ಕೆಸು ಇನ್ನೂ ಹಸಿ.